ಮಗುವಿನ ಮನೆಮಾತು ಬಲ್ಲ ಶಿಕ್ಷಕಿಯರ ತಂಡ ಕಟ್ಟುವುದು ಹೇಗೆ? ಅಂಗನವಾಡಿ ಮತ್ತು ಶಿಶುಪಾಲನಾ ಕೇಂದ್ರಗಳಿಗೆ ಸಮಗ್ರ ಮಾರ್ಗದರ್ಶಿ

ಲಂಬಾಣಿಗರ ತಾಂಡಾಗಳಲ್ಲಿ, ಬುಡಕಟ್ಟು ಜನರ ಹಾಡಿಗಳಲ್ಲಿ, ಗಡಿಭಾಗದ ಊರುಗಳಲ್ಲಿ ಮತ್ತು ನಗರಗಳ ಕಟ್ಟಡ ಕಾರ್ಮಿಕರ ಶೆಡ್‌ಗಳಲ್ಲಿ ಚಿಕ್ಕ ಮಕ್ಕಳ ಕೇಂದ್ರ ನಡೆಸುವವರು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತಿದ್ದಾರೆ. ಮಕ್ಕಳ ಭಾಷೆ ಬಲ್ಲ ಮಹಿಳೆಯೊಬ್ಬರು ಬೇಕೆಂದು ತೀರ್ಮಾನವಾಗುತ್ತದೆ, ಪ್ರಕಟಣೆ ಹೊರಡುತ್ತದೆ, ನಿಗದಿತ ವಿದ್ಯಾರ್ಹತೆಯವರು ಅರ್ಜಿ ಹಾಕುವುದಿಲ್ಲ. ಹೇಗೋ ಸಿಕ್ಕ ಒಬ್ಬರನ್ನು ಅಡುಗೆಗೆ ಮತ್ತು ಸ್ವಚ್ಛತೆಗೆ ಹಚ್ಚಲಾಗುತ್ತದೆ. ಸ್ವಲ್ಪ ದಿನಕ್ಕೆ ಅವರೂ ಬಿಟ್ಟುಹೋಗುತ್ತಾರೆ. ಕೊನೆಗೆ ‘ಆ ಸಮುದಾಯದಲ್ಲಿ ಓದಿದವರು ಸಿಗುವುದಿಲ್ಲ’ ಎಂಬ ಷರಾ ಬರೆದು ಕಡತ ಮುಚ್ಚಲಾಗುತ್ತದೆ.

ಈ ಸೋಲಿಗೆ ಮುಖ್ಯ ಕಾರಣ ಕೆಲಸಗಳ ಅನುಕ್ರಮ ತಲೆಕೆಳಗಾಗಿರುವುದು. ನೇಮಕಾತಿಗಿಂತ ಮೊದಲು ನಾಲ್ಕು ಹಂತಗಳ ಕೆಲಸವಿದೆ, ಅದಕ್ಕೆ ಒಂದೆರಡು ವರ್ಷ ಹಿಡಿಯುತ್ತದೆ. ಆ ಕಾಲವನ್ನು ಮೊದಲೇ ಲೆಕ್ಕಕ್ಕೆ ಹಿಡಿದವರು ಗೆಲ್ಲುತ್ತಾರೆ. ಸ್ವಯಂಸೇವಾ ಸಂಸ್ಥೆಗಳು, ಗ್ರಾಮ ಪಂಚಾಯಿತಿ ಸದಸ್ಯರು, ಅಂಗನವಾಡಿ ಮಟ್ಟದ ಬಾಲವಿಕಾಸ ಸಮಿತಿಗಳು ಮತ್ತು ಅಂಗನವಾಡಿ ಮೇಲ್ವಿಚಾರಕಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಅನುಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲೇ ಕೈಯಲ್ಲಿರಬೇಕಾದವು

ಕೆಲಸ ಆರಂಭಿಸುವ ಮುನ್ನ ಈ ಕೆಳಗಿನವು ಸಿದ್ಧವಿರಲಿ.

- ಕೇಂದ್ರದ ಕುಟುಂಬ ಸಮೀಕ್ಷೆಯ ಪುಸ್ತಕ, ಮತ್ತು ಪ್ರತಿ ಮಗುವಿನ ಭಾಷೆಯನ್ನು ಬರೆಯಲು ಪ್ರತ್ಯೇಕ ವಹಿ.
- ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ತಮ್ಮ ಜಿಲ್ಲೆಗೆ ತೀರ ಇತ್ತೀಚೆಗೆ ಹೊರಡಿಸಿದ ನೇಮಕಾತಿ ಅಧಿಸೂಚನೆಯ ಪ್ರತಿ. ವಾಸಸ್ಥಳ, ವಯಸ್ಸು, ಮೀಸಲಾತಿ ಮತ್ತು ಭಾಷೆಯ ಷರತ್ತುಗಳು ಬದಲಾಗುತ್ತಿರುವುದರಿಂದ ಹಳೆಯ ಪ್ರತಿಯನ್ನು ನಂಬಬಾರದು.
- ಧ್ವನಿಮುದ್ರಣ ಮಾಡಬಲ್ಲ ಒಂದು ಮೊಬೈಲ್ ಫೋನ್.
- ಕನಿಷ್ಠ ಎರಡು ವರ್ಷದ ತರಬೇತಿ ಭತ್ಯೆ ಮತ್ತು ಪರೀಕ್ಷಾ ಶುಲ್ಕಕ್ಕೆ ಮೀಸಲಿಟ್ಟ ಹಣ.
- ವಾರಕ್ಕೊಮ್ಮೆಯಾದರೂ ಬಂದು ಹೊಸಬರ ಪಕ್ಕದಲ್ಲಿ ಕೂರಲು ಒಪ್ಪಿದ ಒಬ್ಬ ಅನುಭವಿ ಶಿಕ್ಷಕಿ.

ಕೊನೆಯ ಎರಡು ಇಲ್ಲದಿದ್ದರೆ ಕೆಲಸವನ್ನು ಮುಂದೂಡುವುದೇ ಮೇಲು. ಹಣವಿಲ್ಲದೆ ಸಮುದಾಯದ ಮಹಿಳೆಯರಲ್ಲಿ ಆಸೆ ಹುಟ್ಟಿಸಿ ನಡುವೆ ಕೈಬಿಟ್ಟರೆ, ಮುಂದೆ ಬರುವ ಸಂಸ್ಥೆಯನ್ನೂ ಆ ಊರು ನಂಬುವುದಿಲ್ಲ.

ಪ್ರಸ್ತಾವ ಬರೆಯುವಾಗ ‘ಇದಕ್ಕೆ ಆಧಾರವೇನು’ ಎಂಬ ಪ್ರಶ್ನೆ ಕಚೇರಿಯಲ್ಲಿ ಬಂದೇ ಬರುತ್ತದೆ. ಚಿಕ್ಕ ಮಕ್ಕಳೊಂದಿಗೆ ಮನೆಮಾತಿನಲ್ಲಿ ವ್ಯವಹರಿಸಬೇಕೆಂದು 2013ರ ರಾಷ್ಟ್ರೀಯ ಶಿಶು ಪಾಲನೆ ಮತ್ತು ಶಿಕ್ಷಣ ನೀತಿ, 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಮತ್ತು ಮೂರರಿಂದ ಎಂಟು ವರ್ಷದವರಿಗಾಗಿ 2022ರಲ್ಲಿ ಬಂದ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟು, ಮೂರೂ ಹೇಳುತ್ತವೆ. ಈ ಮೂರನ್ನು ಪ್ರಸ್ತಾವದ ಮೊದಲ ಪುಟದಲ್ಲೇ ಉಲ್ಲೇಖಿಸಿದರೆ ಚರ್ಚೆ ಬೇಗ ಮುಗಿಯುತ್ತದೆ.

ಹಂತ 1: ಮಕ್ಕಳು ಯಾವ ಮಾತಿನಲ್ಲಿ ಬದುಕುತ್ತಿದ್ದಾರೆಂದು ತಿಳಿಯುವುದು

ಜನಗಣತಿಯ ಕೋಷ್ಟಕ ನೋಡಿ ಭಾಷೆಯನ್ನು ನಿರ್ಧರಿಸುವುದು ಮೊದಲ ದೊಡ್ಡ ತಪ್ಪು. 2011ರ ಜನಗಣತಿಯಲ್ಲಿ ಲಂಬಾಣಿಯನ್ನು ಹಿಂದಿಯ ಗುಂಪಿನಡಿ ಸೇರಿಸಲಾಗಿದೆ. ಹಾಗಾಗಿ ವಿಜಯಪುರ ಅಥವಾ ಕಲಬುರಗಿಯ ತಾಂಡಾಗಳ ಮಕ್ಕಳು ಭಾಷಾವಾರು ಒಟ್ಟು ಲೆಕ್ಕದಲ್ಲಿ ಹಿಂದಿಯವರಾಗಿ ಕಾಣಿಸುತ್ತಾರೆ. ಆ ಅಂಕಿಯನ್ನು ನಂಬಿ ಹಿಂದಿ ಬಲ್ಲವರನ್ನು ಕಳುಹಿಸಿದರೆ ಮಗುವಿಗೆ ಕನ್ನಡದ ಜೊತೆಗೆ ಇನ್ನೊಂದು ಅಪರಿಚಿತ ಭಾಷೆ ಎದುರಾಗುತ್ತದೆ, ಅಷ್ಟೇ.

ಮನೆಮನೆಗೆ ಹೋಗಿ ಕೇಳುವಾಗಲೂ ‘ನಿಮ್ಮ ಮಾತೃಭಾಷೆ ಯಾವುದು’ ಎಂದು ನೇರವಾಗಿ ಕೇಳಬಾರದು. ಸರ್ಕಾರಿ ಸೌಲಭ್ಯಕ್ಕೆ ತೊಂದರೆಯಾದೀತೆಂಬ ಅಳುಕಿನಿಂದಲೋ, ತಮ್ಮ ಮಾತಿಗೆ ಹೆಸರೇ ಇಲ್ಲವೆಂಬ ಸಂಕೋಚದಿಂದಲೋ ಅನೇಕರು ‘ಕನ್ನಡ’ ಎಂದುಬಿಡುತ್ತಾರೆ. ಅದರ ಬದಲು ನಾಲ್ಕು ಪ್ರಶ್ನೆಗಳನ್ನು ಕೇಳಬೇಕು: ರಾತ್ರಿ ಮಗು ಅತ್ತರೆ ಯಾವ ಮಾತಿನಲ್ಲಿ ಸಮಾಧಾನ ಮಾಡುತ್ತೀರಿ? ಅಜ್ಜಿ ಮಗುವಿನೊಂದಿಗೆ ಯಾವ ಮಾತಾಡುತ್ತಾರೆ? ಓರಗೆಯ ಮಕ್ಕಳ ಜೊತೆ ಆಡುವಾಗ ಮಗುವಿನ ಬಾಯಲ್ಲಿ ಬರುವ ಮಾತು ಯಾವುದು? ಕನ್ನಡದಲ್ಲಿ ಒಂದು ಸಾಮಾನು ತರಲು ಹೇಳಿದರೆ ಮಗು ತಂದುಕೊಡುತ್ತದೆಯೇ? ಉತ್ತರಗಳನ್ನು ಬರೆದುಕೊಂಡ ಮೇಲೆ ಸಂಜೆಯ ಹೊತ್ತು ಮಕ್ಕಳು ಆಡುವ ಜಾಗದಲ್ಲಿ ಸುಮ್ಮನೆ ನಿಂತು ಕೇಳಿಸಿಕೊಂಡರೆ ವಹಿಯಲ್ಲಿ ಬರೆದದ್ದು ನಿಜವೇ ಎಂಬುದು ತಿಳಿಯುತ್ತದೆ.

ಒಂದೇ ಕನ್ನಡದೊಳಗಿನ ಅಂತರವನ್ನೂ ವಹಿಗೆ ತರಬೇಕು. ಬೆಂಗಳೂರಿನ ಶೆಡ್‌ಗಳಲ್ಲಿ ಯಾದಗಿರಿ, ರಾಯಚೂರು, ಕಲಬುರಗಿಯಿಂದ ಬಂದ ಮಕ್ಕಳು ‘ಕುಂದ್ರು’ ಎಂದರೆ ಕೂರುತ್ತಾರೆ, ‘ಕೂತ್ಕೋ’ ಎಂದರೆ ಮುಖ ನೋಡುತ್ತಾರೆ. ಅವರನ್ನು ‘ಕನ್ನಡ ಬರುವ ಮಕ್ಕಳು’ ಎಂದು ಗುರುತು ಹಾಕಿ ಬಿಟ್ಟರೆ ಅವರ ಮೌನದ ಕಾರಣ ಯಾರಿಗೂ ತಿಳಿಯುವುದಿಲ್ಲ. ಹಾಗೆಯೇ ಮನೆಯಲ್ಲಿ ದಖನಿ ಮಾತಾಡುವ ಮಗುವಿಗೆ ಗ್ರಾಂಥಿಕ ಉರ್ದು ದೂರದ್ದು. ದಕ್ಷಿಣ ಕನ್ನಡದ ಒಂದೇ ಕೇಂದ್ರದಲ್ಲಿ ತುಳು, ಬ್ಯಾರಿ, ಕೊಂಕಣಿ ಮೂರೂ ಇರಬಹುದು.

ಈ ಹಂತದ ಫಲವಾಗಿ ಒಂದೇ ಪುಟದ ಪಟ್ಟಿ ಸಿದ್ಧವಾಗಬೇಕು: ಮಗುವಿನ ಹೆಸರು, ಮೊದಲ ಮನೆಮಾತು, ಎರಡನೆಯದಿದ್ದರೆ ಅದು, ಮತ್ತು ಕನ್ನಡ ಎಷ್ಟು ಅರ್ಥವಾಗುತ್ತದೆ ಎಂಬ ಟಿಪ್ಪಣಿ. ನಾಲ್ಕೈದು ಮಕ್ಕಳಾದರೂ ಆಡುವ ಪ್ರತಿ ಮಾತಿಗೆ ಅದನ್ನು ಬಲ್ಲ ಒಬ್ಬ ದೊಡ್ಡವರು ಕೇಂದ್ರದಲ್ಲಿರಬೇಕೆಂಬುದನ್ನು ಗುರಿಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು. ವಲಸೆಯ ಊರುಗಳಲ್ಲಿ ಈ ಪಟ್ಟಿಯನ್ನು ವರ್ಷಕ್ಕೆ ಎರಡು ಸಲ, ಮಳೆಗಾಲದ ಆರಂಭದಲ್ಲಿ ಮತ್ತು ಕಬ್ಬು ಕಟಾವು ಶುರುವಾದ ಮೇಲೆ, ಹೊಸದಾಗಿ ಮಾಡಬೇಕು.

ಎಚ್ಚರಿಕೆ: ಪಟ್ಟಿಯಲ್ಲಿ ಎಲ್ಲ ಮಕ್ಕಳ ಮುಂದೆಯೂ ಒಂದೇ ಭಾಷೆ ಬರೆದಿದ್ದರೆ, ಅದು ಕೇಂದ್ರದಲ್ಲೇ ಕುಳಿತು ತುಂಬಿದ ಪಟ್ಟಿಯಾಗಿರುವ ಸಂಭವ ಹೆಚ್ಚು.

ಹಂತ 2: ಹುದ್ದೆಗಳನ್ನೂ ಅಧಿಕಾರವನ್ನೂ ಬಿಡಿಸಿ ನೋಡುವುದು

ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿಯರನ್ನು ನೇಮಿಸುವ ಅಧಿಕಾರ ಇಲಾಖೆಗಿದೆ. ಸಂಸ್ಥೆಯಾಗಲಿ ಪಂಚಾಯಿತಿಯಾಗಲಿ ತಾನೇ ನೇಮಿಸಲು ಬರುವುದಿಲ್ಲ. ಅಲ್ಲಿ ಹೊರಗಿನವರು ಮಾಡಬಹುದಾದದ್ದು ಅರ್ಹ ಅಭ್ಯರ್ಥಿಗಳನ್ನು ಸಿದ್ಧಗೊಳಿಸುವುದು, ಅರ್ಜಿ ಹಾಕಿಸುವುದು, ನೇಮಕವಾದ ಮೇಲೆ ಜೊತೆಗೆ ನಿಲ್ಲುವುದು. ಸಂಸ್ಥೆಯೇ ನಡೆಸುವ ಬಾಲವಾಡಿಗಳಲ್ಲಿ ಮತ್ತು ಕಟ್ಟಡ ನಿವೇಶನದ ಶಿಶುಪಾಲನಾ ಕೇಂದ್ರಗಳಲ್ಲಿ ಕೈ ಸಡಿಲವಿರುತ್ತದೆ. ಈ ಎರಡು ದಾರಿಗಳನ್ನು ಬೆರೆಸಿದರೆ ಅನುಮತಿಯ ಜಗಳದಲ್ಲೇ ಒಂದು ವರ್ಷ ಕಳೆಯುತ್ತದೆ.

ಇತ್ತೀಚಿನ ಅಧಿಸೂಚನೆಗಳಂತೆ ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್‌ಎಸ್‌ಎಲ್‌ಸಿ ವಿದ್ಯಾರ್ಹತೆ ಬೇಕು. ಹಾಡಿಯಲ್ಲಿ ಪಿಯುಸಿ ಮುಗಿಸಿದ ಮಹಿಳೆ ಸಿಗದೆ, ಎಸ್‌ಎಸ್‌ಎಲ್‌ಸಿ ಆದವರು ಸಿಕ್ಕರೆ ಹೆಚ್ಚಿನವರು ‘ಸಹಾಯಕಿಯಾಗಿಯಾದರೂ ಇರಲಿ’ ಎಂದು ತೃಪ್ತರಾಗಿಬಿಡುತ್ತಾರೆ. ಆದರೆ ಅಂಗನವಾಡಿಗಳನ್ನು ನಡೆಸುವ ಕೇಂದ್ರ ಯೋಜನೆಯಾದ ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0ರ ಮಾರ್ಗಸೂಚಿಯಲ್ಲಿ ಬಡ್ತಿಯ ಒಂದು ಏಣಿ ಇದೆ: ಕಾರ್ಯಕರ್ತೆಯರ ಹುದ್ದೆಗಳಲ್ಲಿ ಶೇ. 50ರಷ್ಟನ್ನು ಐದು ವರ್ಷ ಸೇವೆ ಸಲ್ಲಿಸಿದ ಅರ್ಹ ಸಹಾಯಕಿಯರಿಂದಲೂ, ಮೇಲ್ವಿಚಾರಕಿಯರ ಹುದ್ದೆಗಳಲ್ಲಿ ಶೇ. 50ರಷ್ಟನ್ನು ಐದು ವರ್ಷ ಸೇವೆ ಸಲ್ಲಿಸಿದ ಅರ್ಹ ಕಾರ್ಯಕರ್ತೆಯರಿಂದಲೂ ತುಂಬಬೇಕೆಂದು ಅದು ಹೇಳುತ್ತದೆ. ಇಂದು ಸಹಾಯಕಿಯಾಗಿ ಸೇರಿದ ಜೇನು ಕುರುಬ ಮಹಿಳೆ ಆ ಐದು ವರ್ಷದೊಳಗೆ ಪಿಯುಸಿ ಮುಗಿಸಿದ್ದರೆ ಮಾತ್ರ ಆ ಏಣಿ ಅವರ ಕೈಗೆಟುಕುತ್ತದೆ. ಆದ್ದರಿಂದ ಸಹಾಯಕಿಯ ನೇಮಕ ಮತ್ತು ಅವರ ಓದು, ಎರಡನ್ನೂ ಒಂದೇ ಯೋಜನೆಯಲ್ಲಿ ಬರೆಯಬೇಕು.

ಕಟ್ಟಡ ನಿವೇಶನಗಳ ವಿಷಯದಲ್ಲಿ ಗುತ್ತಿಗೆದಾರರೊಂದಿಗೆ ಮಾತಾಡುವಾಗ ಕಾನೂನು ತಿಳಿದಿರಲಿ. ಐವತ್ತಕ್ಕಿಂತ ಹೆಚ್ಚು ಮಹಿಳೆಯರು ದುಡಿಯುವ ನಿವೇಶನದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕು, ಅದು ಶಿಶುಪಾಲನೆಯಲ್ಲಿ ತರಬೇತಿ ಪಡೆದ ಮಹಿಳೆಯರ ವಶದಲ್ಲಿರಬೇಕು ಎಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯ 35ನೇ ಕಲಮು ವಿಧಿಸಿತು. ನಂತರದ ಕಾರ್ಮಿಕ ಸಂಹಿತೆಯಲ್ಲೂ ಶಿಶುಪಾಲನಾ ಕೊಠಡಿಯ ವಿಧಿ ಸೇರಿದೆ. ತರಬೇತಿ ಪಡೆದವರು ಬೇಕೆಂಬ ಅಂಶವನ್ನು ಎತ್ತಿ ತೋರಿಸಿದರೆ ಭತ್ಯೆಗೆ ಹಣ ಕೇಳುವುದು ಸುಲಭವಾಗುತ್ತದೆ.

ಹಂತ 3: ಸರಿಯಾದ ಕಾಲದಲ್ಲಿ, ಸರಿಯಾದ ಬಾಗಿಲು ತಟ್ಟುವುದು

ತಾಂಡಾದಲ್ಲಿ ನಾಯಕ, ಕಾರಭಾರಿಯವರನ್ನೂ ಹಾಡಿಯಲ್ಲಿ ಯಜಮಾನರನ್ನೂ ಮೊದಲು ಕಂಡು ವಿಷಯ ತಿಳಿಸುವುದು ಮರ್ಯಾದೆ. ಆದರೆ ಅಭ್ಯರ್ಥಿಯ ಹೆಸರನ್ನು ಅವರಿಂದಲೇ ಕೇಳಿದರೆ ಅವರ ಮನೆಯ ಹೆಣ್ಣುಮಕ್ಕಳ ಹೆಸರೇ ಬರುತ್ತದೆ, ಬೇರೆಯವರು ಹಿಂದೆ ಸರಿಯುತ್ತಾರೆ. ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವರು, ಆಶಾ ಕಾರ್ಯಕರ್ತೆಯೊಂದಿಗೆ ಓಡಾಡುವವರು, ಆಶ್ರಮ ಶಾಲೆಯಲ್ಲಿ ಓದಿ ಅರ್ಧಕ್ಕೆ ಬಿಟ್ಟವರು, ಪರೀಕ್ಷೆಯಲ್ಲಿ ಒಂದೆರಡು ವಿಷಯ ಉಳಿಸಿಕೊಂಡವರು ಎಲ್ಲಿದ್ದಾರೆಂದು ವಿಚಾರಿಸಬೇಕು. ಸಂಜೆಯ ಹೊತ್ತು ಓಣಿಯ ಮಕ್ಕಳೆಲ್ಲ ಯಾರ ಅಂಗಳದಲ್ಲಿ ಸೇರುತ್ತಾರೆಂದು ನೋಡಿದರೆ ಒಂದೆರಡು ಹೆಸರು ತಾವಾಗಿ ಸಿಗುತ್ತವೆ.

ಕಾಲದ ಲೆಕ್ಕ ತಪ್ಪಿದರೆ ಊರಿನಲ್ಲಿ ಯಾರೂ ಇರುವುದಿಲ್ಲ. ತಾಂಡಾಗಳ ಎಷ್ಟೋ ಕುಟುಂಬಗಳು ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು ಹೊರಟರೆ ಮರಳುವುದು ಬೇಸಿಗೆಯಲ್ಲಿ. ಆ ತಿಂಗಳುಗಳಲ್ಲಿ ಸಭೆ ಕರೆದು ‘ಯಾರಿಗೂ ಆಸಕ್ತಿ ಇಲ್ಲ’ ಎಂದು ಬರೆಯುವುದು ಅನ್ಯಾಯ. ಶೆಡ್‌ಗಳಲ್ಲಿ ಭಾನುವಾರ ಸಂತೆ ಮುಗಿದ ಮೇಲಿನ ಹೊತ್ತೇ ಮಾತಿಗೆ ಸಿಗುವ ಸಮಯ. ಅಲ್ಲಿ ಮೇಸ್ತ್ರಿಯ ಎದುರಿನಲ್ಲಿ ಮಹಿಳೆಯರು ಬಾಯಿ ಬಿಡುವುದಿಲ್ಲವೆಂಬುದೂ ನೆನಪಿರಲಿ.

ಮದುವೆಯಾಗದ ಯುವತಿಯನ್ನು ಮಾತ್ರ ಆರಿಸಿಕೊಂಡರೆ ಒಂದೆರಡು ವರ್ಷದಲ್ಲಿ ಅವರು ಬೇರೆ ಊರಿಗೆ ಹೋಗುವ ಸಂಭವವಿದೆ. ಊರಿನ ಸೊಸೆಯಾಗಿ ಬಂದು ನೆಲೆಸಿದವರು ಹೆಚ್ಚು ಕಾಲ ಉಳಿಯುತ್ತಾರೆ, ಆದರೆ ಅವರಿಗೆ ಅತ್ತೆಯ ಮನೆಯವರ ಒಪ್ಪಿಗೆ ಬೇಕು. ಅದಕ್ಕಾಗಿ ಅತ್ತೆಯನ್ನೇ ಕೇಂದ್ರಕ್ಕೆ ಕರೆದು, ಸೊಸೆ ಮಾಡಲಿರುವ ಕೆಲಸವನ್ನು ಕಣ್ಣಾರೆ ತೋರಿಸಿ, ಬರುವ ಹಣ ಮತ್ತು ಹೋಗುವ ಹೊತ್ತು ಎರಡನ್ನೂ ಸ್ಪಷ್ಟವಾಗಿ ಹೇಳಬೇಕು. ಒಂದು ಹುದ್ದೆಗೆ ಮೂವರನ್ನಾದರೂ ಸಿದ್ಧಗೊಳಿಸುವುದು ಕ್ಷೇಮ.

ಹಂತ 4: ಓದು ಮತ್ತು ಕಾಗದಪತ್ರ

ಹೆಚ್ಚಿನ ಪ್ರಯತ್ನಗಳು ಮುರಿದುಬೀಳುವುದು ಇಲ್ಲಿಯೇ. ಎಸ್‌ಎಸ್‌ಎಲ್‌ಸಿ ಅಥವಾ ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುವುದಾಗಲಿ, ಮುಕ್ತ ಶಾಲೆಯ ಮೂಲಕ ಓದಿಸುವುದಾಗಲಿ ಸಾಧ್ಯವಿದೆ. ಆದರೆ ಯಾವ ಮಂಡಳಿಯ ಪ್ರಮಾಣಪತ್ರ ಒಪ್ಪಿಗೆಯಾಗುತ್ತದೆ ಮತ್ತು ಕನ್ನಡವನ್ನು ಒಂದು ಭಾಷೆಯಾಗಿ ಓದಿರಬೇಕೇ ಎಂಬುದನ್ನು ಅಧಿಸೂಚನೆ ನೋಡಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಶುಲ್ಕ ಕಟ್ಟಬೇಕು. ಓದಿಸಿದ ನಂತರ ಪ್ರಮಾಣಪತ್ರ ನಡೆಯುವುದಿಲ್ಲವೆಂದು ತಿಳಿದರೆ ಆ ಮಹಿಳೆ ಮತ್ತೆ ಪುಸ್ತಕ ಮುಟ್ಟುವುದಿಲ್ಲ.

ಓದುವ ಕಾಲದಲ್ಲಿ ಕೂಲಿ ತಪ್ಪುತ್ತದೆ. ಆದ್ದರಿಂದ ಆ ಎರಡು ವರ್ಷವೂ ಅವರನ್ನು ದಿನಕ್ಕೆ ಎರಡು ಮೂರು ಗಂಟೆ ಕೇಂದ್ರದಲ್ಲಿ ಕಲಿಕಾ ಸಹಾಯಕಿಯಾಗಿ ಇಟ್ಟುಕೊಂಡು, ತಪ್ಪದೆ ಭತ್ಯೆ ಕೊಡಬೇಕು. ಅಂಗನವಾಡಿಯಲ್ಲಾದರೆ ಇದಕ್ಕೆ ಇಲಾಖೆಯ ಲಿಖಿತ ಅನುಮತಿ ಪಡೆಯಬೇಕು. ಈ ವ್ಯವಸ್ಥೆಯಿಂದ ಇನ್ನೊಂದು ಲಾಭವಿದೆ: ಚಿಕ್ಕ ಮಕ್ಕಳೊಂದಿಗಿನ ಕೆಲಸ ತಮಗೆ ಹಿಡಿಸುತ್ತದೆಯೇ ಇಲ್ಲವೇ ಎಂಬುದು ನೇಮಕಕ್ಕಿಂತ ಮೊದಲೇ ಅವರಿಗೂ ಗೊತ್ತಾಗುತ್ತದೆ.

ಕಾಗದಪತ್ರಗಳನ್ನು ಅರ್ಜಿಯ ಕೊನೆಯ ವಾರಕ್ಕೆ ಬಿಡಬಾರದು. ಅಂಕಪಟ್ಟಿಯಲ್ಲಿ ತಂದೆಯ ಹೆಸರು, ಆಧಾರ್‌ನಲ್ಲಿ ಗಂಡನ ಹೆಸರು, ಪಡಿತರ ಚೀಟಿಯಲ್ಲಿ ಕರೆಯುವ ಹೆಸರು ಇರುವ ಮಹಿಳೆಯರೇ ಹೆಚ್ಚು. ಆನ್‌ಲೈನ್ ಅರ್ಜಿಯಲ್ಲಿ ಇಷ್ಟು ವ್ಯತ್ಯಾಸವೇ ತಿರಸ್ಕಾರಕ್ಕೆ ಸಾಕು. ನಾಡಕಚೇರಿಯಿಂದ ಪಡೆಯಬೇಕಾದ ಜಾತಿ ಮತ್ತು ವಾಸಸ್ಥಳದ ಪ್ರಮಾಣಪತ್ರಗಳನ್ನೂ ಹೆಸರಿನ ತಿದ್ದುಪಡಿಯನ್ನೂ ಮೊದಲ ವರ್ಷದಲ್ಲೇ ಮುಗಿಸಬೇಕು. ಸೊಸೆಯಾಗಿ ಬಂದವರ ಹೆಸರು ತವರಿನ ಪಡಿತರ ಚೀಟಿಯಲ್ಲೇ ಉಳಿದಿದ್ದರೆ ‘ಸ್ಥಳೀಯರು’ ಎಂದು ಸಾಬೀತುಪಡಿಸುವುದು ಕಷ್ಟವಾಗುತ್ತದೆ.

ಹಂತ 5: ಮಾತಾಡಿಸಿ ಅಲ್ಲ, ಕೆಲಸ ಮಾಡಿಸಿ ಆರಿಸುವುದು

ಇಲಾಖೆಯ ನೇಮಕದಲ್ಲಿ ನಿಯಮದಂತೆ ಅಂಕ ಮತ್ತು ಮೀಸಲಾತಿಯ ಆಧಾರದ ಮೇಲೆ ಆಯ್ಕೆಯಾಗುತ್ತದೆ. ಈ ಹಂತ ಸಂಸ್ಥೆ ನಡೆಸುವ ಕೇಂದ್ರಗಳಿಗೆ, ಮತ್ತು ಕಲಿಕಾ ಸಹಾಯಕಿಯರನ್ನು ಆರಿಸುವವರಿಗೆ ಸಂಬಂಧಿಸಿದ್ದು.

ಮೇಜಿನ ಆಚೆ ಕುಳಿತು ಶಿಷ್ಟ ಕನ್ನಡದಲ್ಲಿ ಪ್ರಶ್ನೆ ಕೇಳುವ ಸಂದರ್ಶನದಲ್ಲಿ ಗೆಲ್ಲುವವರು ಶಿಷ್ಟ ಕನ್ನಡ ಬಲ್ಲವರು. ಅದರ ಬದಲು ಅಭ್ಯರ್ಥಿಯನ್ನು ಆರೇಳು ಮಕ್ಕಳ ಜೊತೆ ಚಾಪೆಯ ಮೇಲೆ ಕೂರಿಸಿ, ಒಂದು ಮೊರದಲ್ಲಿ ತೊಗರಿ, ಹುಣಸೆ ಬೀಜ, ಒಂದೆರಡು ಸಣ್ಣ ಬಟ್ಟಲು ಮತ್ತು ಒಂದು ಹಳೆಯ ಸೀರೆಯ ತುಂಡು ಕೊಟ್ಟು, ಇಪ್ಪತ್ತು ನಿಮಿಷ ಏನು ಬೇಕಾದರೂ ಮಾಡಿಸಿ ಎಂದು ಹೇಳಬೇಕು. ಮೂರು ವರ್ಷದೊಳಗಿನ ಮಕ್ಕಳಿದ್ದರೆ ಬೀಜಗಳನ್ನು ತೆಗೆದಿಡಬೇಕು, ಅವರು ಬಾಯಿಗೋ ಮೂಗಿಗೋ ಹಾಕಿಕೊಳ್ಳುತ್ತಾರೆ. ಅದನ್ನು ಅಭ್ಯರ್ಥಿ ತಾವಾಗಿಯೇ ಗಮನಿಸಿ ಕೇಳಿದರೆ ಅದೇ ಒಂದು ಒಳ್ಳೆಯ ಗುರುತು. ನೋಡುವವರು ದೂರ ಕುಳಿತು ಇಷ್ಟನ್ನು ಬರೆದುಕೊಳ್ಳಲಿ: ಅವರು ಮಕ್ಕಳ ಕಣ್ಣಿನ ಮಟ್ಟಕ್ಕೆ ಬಾಗಿದರೇ? ಮಗು ಮನೆಮಾತಿನಲ್ಲಿ ಏನೋ ಹೇಳಿದಾಗ ಅದೇ ಮಾತಿನಲ್ಲಿ ಉತ್ತರಿಸಿದರೇ, ಅಥವಾ ನೋಡುವವರಿಗೆ ಅರ್ಥವಾಗಲೆಂದು ಕನ್ನಡಕ್ಕೆ ಹೊರಳಿದರೇ? ಮೂಲೆಯಲ್ಲಿ ಸುಮ್ಮನಿದ್ದ ಮಗುವನ್ನು ಹೇಗೆ ಸೇರಿಸಿಕೊಂಡರು? ಒಂದು ಮಗು ಇನ್ನೊಂದಕ್ಕೆ ಹೊಡೆದಾಗ ಅವರ ಮೊದಲ ಮಾತು ಏನಾಗಿತ್ತು? ಆ ಭಾಷೆ ಬಲ್ಲ ಒಬ್ಬ ತಾಯಿಯನ್ನು ಆಯ್ಕೆ ಸಮಿತಿಯಲ್ಲಿ ಕೂರಿಸಿಕೊಳ್ಳದಿದ್ದರೆ ಈ ಟಿಪ್ಪಣಿಗಳಲ್ಲಿ ಅರ್ಧ ತಪ್ಪಾಗುತ್ತವೆ.

ಸಮುದಾಯದವರೇ ಎಂಬ ಕಾರಣಕ್ಕೆ ಸುರಕ್ಷತೆಯ ಪರಿಶೀಲನೆಯನ್ನು ಬಿಡಬಾರದು. ಪೊಲೀಸ್ ಪರಿಶೀಲನೆ, ಆರೋಗ್ಯ ತಪಾಸಣೆ, ಮಕ್ಕಳ ರಕ್ಷಣಾ ನೀತಿಗೆ ಸಹಿ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಮತ್ತು 1098 ಮಕ್ಕಳ ಸಹಾಯವಾಣಿಯ ಬಗ್ಗೆ ಅವರ ಮಾತಿನಲ್ಲೇ ವಿವರಣೆ, ಇವಿಷ್ಟೂ ಎಲ್ಲರಿಗೂ ಸಮಾನವಾಗಿ ಅನ್ವಯಿಸಬೇಕು.

ಹಂತ 6: ತರಬೇತಿ ಎರಡು ಭಾಷೆಯಲ್ಲಿ ನಡೆಯಬೇಕು

ಕನ್ನಡದಲ್ಲಿ ಉಪನ್ಯಾಸ ಕೊಟ್ಟು, ಕನ್ನಡ ಕೈಪಿಡಿ ಹಂಚಿ, ‘ಇದನ್ನು ನಿಮ್ಮ ಭಾಷೆಯಲ್ಲಿ ಮಾಡಿ’ ಎಂದು ಕಳುಹಿಸಿದರೆ ಅದು ತರಬೇತಿಯಾಗುವುದಿಲ್ಲ. ಮೊದಲ ವಾರದ ಕೆಲಸ ಸಂಗ್ರಹಿಸುವುದಾಗಿರಲಿ. ತೊಟ್ಟಿಲ ಹಾಡು, ಬೆರಳಾಟದ ಪದ, ಎಣಿಕೆಯ ಪದ, ಒಗಟು, ಅಜ್ಜಿಯ ಕತೆ ಇವನ್ನು ಹೊಸ ಶಿಕ್ಷಕಿಯರೇ ತಮ್ಮ ಓಣಿಯಲ್ಲಿ ಫೋನಿನಲ್ಲಿ ಮುದ್ರಿಸಿಕೊಂಡು ಬರಬೇಕು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣದ ‘ಚಿಲಿಪಿಲಿ’ ಚಟುವಟಿಕೆಗಳಲ್ಲಿ ಬರುವ ಮನೆ, ನೀರು, ಪ್ರಾಣಿ, ತರಕಾರಿಯಂಥ ವಿಷಯಗಳ ಎದುರಿಗೆ ಆ ಸಂಗ್ರಹವನ್ನು ಜೋಡಿಸಿದರೆ, ಇಲಾಖೆಯ ಕ್ರಮಕ್ಕೂ ಭಂಗವಿಲ್ಲ, ಮಕ್ಕಳಿಗೂ ತಮ್ಮದೇ ಹಾಡು ಸಿಗುತ್ತದೆ. ಲಿಪಿಯಿಲ್ಲದ ಮಾತುಗಳನ್ನು ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಬಹುದು. ಮಕ್ಕಳು ಕೇಳುವುದು ದನಿಯನ್ನು.

ನಂತರ ಕಲಿಸಬೇಕಾದದ್ದು ಎರಡು ಭಾಷೆಗಳನ್ನು ಹೊಂದಿಸುವ ಕ್ರಮ. ಬಹುತೇಕ ಕೇಂದ್ರಗಳಲ್ಲಿ ಒಂದು ತಪ್ಪು ಕಾಣುತ್ತದೆ: ಟೀಚರ್ ಕನ್ನಡದಲ್ಲಿ ಒಂದು ವಾಕ್ಯ ಹೇಳುತ್ತಾರೆ, ಸಹಾಯಕಿ ಕೂಡಲೇ ಅದನ್ನು ಮನೆಮಾತಿಗೆ ತಿರುಗಿಸುತ್ತಾರೆ. ತನ್ನ ಮಾತು ಹೇಗೂ ಬರುತ್ತದೆಂದು ಗೊತ್ತಾದ ಮಗು ಕನ್ನಡವನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ, ಕತೆಯ ಓಟವೂ ತುಂಡಾಗುತ್ತದೆ. ಇದರ ಬದಲು ಹೊತ್ತಿಗೊಂದು ಭಾಷೆ ಗೊತ್ತುಮಾಡಬೇಕು. ಬೆಳಗಿನ ಸ್ವಾಗತ, ಕತೆ, ಮಗುವಿನ ದುಃಖ ಮತ್ತು ಶೌಚದ ವಿಷಯಗಳೆಲ್ಲ ಮನೆಮಾತಿನಲ್ಲಿ. ಅಂಗಳದ ಆಟ, ಕೈ ತೊಳೆಯುವ ಹಾಡು, ಊಟದ ಸಾಲಿನ ಮಾತು ಕನ್ನಡದಲ್ಲಿ. ಆಟದಲ್ಲಿ ಕೈಕಾಲಿನ ಚಲನೆಯೇ ಅರ್ಥವನ್ನು ಹೇಳಿಕೊಡುವುದರಿಂದ ಕನ್ನಡ ಅಲ್ಲಿ ಭಯವಿಲ್ಲದೆ ಬರುತ್ತದೆ. ಮಗು ಮೊದಲ ಕೆಲವು ತಿಂಗಳು ಕನ್ನಡವನ್ನು ಕೇಳಿ ಅರ್ಥಮಾಡಿಕೊಂಡರೆ ಸಾಕು, ತಿರುಗಿ ಹೇಳಲೇಬೇಕೆಂದು ಒತ್ತಾಯಿಸಬಾರದು.

ಐದಾರು ಭಾಷೆಗಳಿರುವ ಶೆಡ್‌ನ ಕೇಂದ್ರದಲ್ಲಿ ಎಲ್ಲ ಭಾಷೆಗೂ ಶಿಕ್ಷಕಿ ಸಿಗುವುದಿಲ್ಲ. ಅಲ್ಲಿ ಹೆಚ್ಚು ಮಕ್ಕಳಿರುವ ಎರಡು ಭಾಷೆಗೆ ಆರೈಕೆದಾರರನ್ನು ಹುಡುಕಿ, ಉಳಿದ ಭಾಷೆಯ ತಾಯಂದಿರನ್ನು ವಾರಕ್ಕೊಂದು ಗಂಟೆ ಭತ್ಯೆ ಕೊಟ್ಟು ಕರೆಯಬಹುದು. ಒಡಿಯಾ ಅಥವಾ ಬಂಗಾಳಿ ಮಾತ್ರ ಬಲ್ಲ ಮಗುವಿಗಾಗಿ ನೀರು, ಹಸಿವು, ನೋವು, ಅಮ್ಮ, ಬಹಿರ್ದೆಸೆ, ಭಯ ಇವಕ್ಕೆ ಅವರ ಮಾತಿನ ಪದಗಳನ್ನು ತಾಯಿಯಿಂದ ಕೇಳಿ ಬರೆದು ಗೋಡೆಗೆ ಅಂಟಿಸಬೇಕು. ಕೇಂದ್ರದ ಪ್ರತಿಯೊಬ್ಬರಿಗೂ ಅವು ಬಾಯಿಗೆ ಬರಬೇಕು.

ಇದೇ ತರಬೇತಿಯಲ್ಲಿ ಹಳೆಯ ಶಿಕ್ಷಕಿಯರೂ ಕೂರಬೇಕು. ಹೊಸಬರಿಗೆ ಮಾತ್ರ ತರಬೇತಿ ಕೊಟ್ಟರೆ, ಹಿಂದಿರುಗಿದ ದಿನವೇ ‘ಅದೆಲ್ಲ ಬೇಡ, ಮಕ್ಕಳಿಗೆ ಕನ್ನಡ ಕಲಿಸಬೇಕಲ್ಲ’ ಎಂಬ ಮಾತಿಗೆ ಅವರು ತಲೆಬಾಗುತ್ತಾರೆ. ಪೋಷಕರಿಗೂ ಇದೇ ಆತಂಕ ಇರುತ್ತದೆ, ಮತ್ತು ಅದು ನ್ಯಾಯವಾದದ್ದು: ಮಕ್ಕಳು ಒಂದನೇ ತರಗತಿಗೆ ಹೋಗುವಾಗ ಕನ್ನಡ ಬರಬೇಕು. ಮನೆಮಾತಿನಲ್ಲಿ ಗಟ್ಟಿಯಾದ ಮಗುವಿಗೆ ಕನ್ನಡ ಬೇಗ ಹತ್ತುತ್ತದೆ ಎಂಬುದನ್ನು ಮಾತಿನಲ್ಲಿ ಹೇಳುವುದಕ್ಕಿಂತ, ತಿಂಗಳಿಗೊಮ್ಮೆ ಪೋಷಕರನ್ನು ಕರೆದು ಮಕ್ಕಳ ಆಟವನ್ನು ತೋರಿಸುವುದು ಉಪಯುಕ್ತ.

ಹಂತ 7: ಮೊದಲ ಮೂರು ತಿಂಗಳು

ಚಾಪೆಯ ಮೇಲಿನ ಕೆಲಸ ಯಾರದು, ಒಲೆಯ ಮುಂದಿನ ಕೆಲಸ ಯಾರದು ಎಂಬುದು ಈ ಅವಧಿಯಲ್ಲೇ ಇತ್ಯರ್ಥವಾಗುತ್ತದೆ. ಇಲ್ಲಿ ಹಿಡಿದ ಜಾಡು ಮುಂದೆ ಬದಲಾಗುವುದು ಕಷ್ಟ. ಮಕ್ಕಳ ಮಾತು ಬಲ್ಲವರು ಸಹಾಯಕಿಯಾಗಿದ್ದರೆ, ಬೆಳಗಿನ ಮೊದಲ ಒಂದು ಗಂಟೆ ಅವರು ಮಕ್ಕಳೊಂದಿಗೇ ಇರಬೇಕೆಂದು ವೇಳಾಪಟ್ಟಿಯಲ್ಲಿ ಬರೆದು, ಮೇಲ್ವಿಚಾರಕಿಯ ಸಹಿ ಹಾಕಿಸಿ, ಗೋಡೆಗೆ ತೂಗುಹಾಕಬೇಕು. ಆ ಹೊತ್ತಿನಲ್ಲಿ ತರಕಾರಿ ಹೆಚ್ಚುವುದನ್ನು ಕಾರ್ಯಕರ್ತೆ ಮಾಡಿದರೆ ಯಾರ ಘನತೆಯೂ ಕುಗ್ಗುವುದಿಲ್ಲ. ಇದನ್ನು ಬಾಯಿಮಾತಿಗೆ ಬಿಟ್ಟ ಕಡೆಯಲ್ಲೆಲ್ಲ ಎರಡನೇ ವಾರದ ಹೊತ್ತಿಗೆ ಸಹಾಯಕಿ ಅಡುಗೆಮನೆಗೆ ಮರಳಿರುತ್ತಾರೆ.

ಜಾತಿಯ ವಿಷಯವನ್ನು ಮುಚ್ಚಿಡಬಾರದು. ಪರಿಶಿಷ್ಟ ಸಮುದಾಯದ ಮಹಿಳೆ ಬಡಿಸಿದ ಊಟವನ್ನು ಮಕ್ಕಳು ತಿನ್ನಬಾರದೆಂದು ಕೆಲವು ಮನೆಯವರು ಮಕ್ಕಳನ್ನು ಕಳುಹಿಸುವುದನ್ನು ನಿಲ್ಲಿಸುವ ಪ್ರಸಂಗಗಳು ನಡೆಯುತ್ತವೆ. ಆಗ ‘ಶಾಂತಿಗಾಗಿ’ ಎಂದು ಅವರನ್ನೇ ಬೇರೆ ಕೇಂದ್ರಕ್ಕೆ ವರ್ಗ ಮಾಡುವುದು ಅತ್ಯಂತ ಕೆಟ್ಟ ಪರಿಹಾರ. ಅದು ಅಸ್ಪೃಶ್ಯತೆಗೆ ಕಚೇರಿಯೇ ಮುದ್ರೆ ಒತ್ತಿದಂತೆ. ನೇಮಕಕ್ಕಿಂತ ಮೊದಲೇ ಬಾಲವಿಕಾಸ ಸಮಿತಿಯ ಸಭೆ ಕರೆದು, 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ದೌರ್ಜನ್ಯ ತಡೆ ಕಾಯ್ದೆಯನ್ನು ವಿವರಿಸಿ, ಪಂಚಾಯಿತಿ ಅಧ್ಯಕ್ಷರು ಮತ್ತು ಮೇಲ್ವಿಚಾರಕಿ ಮೊದಲ ದಿನ ಮಕ್ಕಳೊಂದಿಗೆ ಕುಳಿತು ಊಟ ಮಾಡುವಂತೆ ಏರ್ಪಾಡು ಮಾಡಬೇಕು. ಆಮೇಲೂ ಅವಮಾನ ನಡೆದರೆ ದೂರು ಬರೆಯುವ ಹೊರೆಯನ್ನು ಆಕೆಯೊಬ್ಬರ ಮೇಲೆ ಬಿಡದೆ ಸಂಸ್ಥೆಯೇ ಮುಂದೆ ನಿಲ್ಲಬೇಕು.

ಈ ತಿಂಗಳುಗಳಲ್ಲಿ ಕೆಳಗಿನ ಸೂಚನೆಗಳು ಕಂಡರೆ ತಡಮಾಡದೆ ಮಧ್ಯೆ ಪ್ರವೇಶಿಸಬೇಕು.

- ಅತಿಥಿಗಳು ಬಂದಾಗ ಮಾತ್ರ ಮಕ್ಕಳಿಂದ ಮನೆಮಾತಿನ ಹಾಡು ಹೇಳಿಸಲಾಗುತ್ತಿದೆ.
- ಸಭೆಗಳಲ್ಲಿ ಹೊಸ ಶಿಕ್ಷಕಿ ಒಂದು ಮಾತೂ ಆಡುತ್ತಿಲ್ಲ, ಅವರ ಪರವಾಗಿ ಇನ್ನೊಬ್ಬರು ಉತ್ತರಿಸುತ್ತಿದ್ದಾರೆ.
- ಅವರನ್ನು ‘ಏ’, ‘ಬಾ’ ಎಂದು ಕರೆಯಲಾಗುತ್ತಿದೆ. ಇನ್ನೊಬ್ಬರಿಗೆ ಮಾತ್ರ ‘ಟೀಚರ್’ ಎಂಬ ಗೌರವವಿದೆ.
- ಮನೆಮಾತಾಡಿದ ಮಗುವಿನ ಬಾಯಿ ಮುಚ್ಚಿಸುವ ಕೆಲಸವನ್ನು ಆ ಸಮುದಾಯದ ಶಿಕ್ಷಕಿಯೇ ಮಾಡುತ್ತಿದ್ದಾರೆ. ತಾವು ಶಾಲೆಯಲ್ಲಿ ಉಂಡ ನೋವನ್ನೇ ಅವರು ಪದ್ಧತಿಯೆಂದು ತಿಳಿದಿರುತ್ತಾರೆ. ಬೈಯದೆ, ಪಕ್ಕದಲ್ಲಿ ಕುಳಿತು ಬೇರೆ ದಾರಿ ತೋರಿಸಬೇಕು.

ಹಂತ 8: ಉಳಿಸಿಕೊಳ್ಳುವುದು

ಭಾಷೆಯ ಕಾರಣಕ್ಕೆ ಅವರ ಮೇಲೆ ಬೀಳುವ ಹೆಚ್ಚುವರಿ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆಸ್ಪತ್ರೆಗೆ ಜೊತೆಗೆ ಹೋಗುವುದು, ಪೋಷಕರ ಜಗಳ ಬಿಡಿಸುವುದು, ಅಧಿಕಾರಿಗಳಿಗೆ ದುಭಾಷಿಯಾಗುವುದು ಎಲ್ಲವೂ ಆ ಒಬ್ಬರ ಪಾಲಿಗೆ ಬರುತ್ತದೆ. ಸಂಸ್ಥೆಯ ಕೇಂದ್ರಗಳಲ್ಲಿ ಇದಕ್ಕೆ ಪ್ರತ್ಯೇಕ ಭತ್ಯೆ ಗೊತ್ತುಮಾಡಬೇಕು, ಅಂಗನವಾಡಿಯಲ್ಲಾದರೆ ಇಂಥ ಕೆಲಸಕ್ಕೆ ಮಿತಿ ಹಾಕಬೇಕು. ‘ನಿಮ್ಮ ಜನಕ್ಕಾಗಿ ತಾನೇ’ ಎಂಬ ಮಾತಿನಿಂದ ಯಾರೂ ಬಹುಕಾಲ ದುಡಿಯುವುದಿಲ್ಲ, ದುಡಿಸಿಕೊಳ್ಳುವುದೂ ತಪ್ಪು.

ಅವರಿಗೆ ಸಲ್ಲಬೇಕಾದ್ದನ್ನು ಅವರಿಗೆ ತಿಳಿಸುವುದೂ ಉಳಿಸಿಕೊಳ್ಳುವ ಕೆಲಸದ ಭಾಗ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪು ನೀಡಿದೆ. ಸೇರಿದ ದಿನಾಂಕದ ಆದೇಶ, ಗೌರವಧನ ಜಮೆಯಾದ ಪಾಸ್‌ಬುಕ್, ತರಬೇತಿಯ ಪ್ರಮಾಣಪತ್ರ ಇವನ್ನು ಒಂದು ಕಡತದಲ್ಲಿ ಇಟ್ಟುಕೊಳ್ಳಲು ಮೊದಲ ತಿಂಗಳೇ ಕಲಿಸಬೇಕು. ಮುಂದೆ ಬಡ್ತಿಯ ಅರ್ಜಿ ಹಾಕುವಾಗಲೂ ಇದೇ ಕಡತ ಬೇಕಾಗುತ್ತದೆ.

ಗ್ರಾಮ ಪಂಚಾಯಿತಿಗಳು ನಡೆಸುವ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರಗಳಲ್ಲಿ ತೊಡಕು ಬೇರೆ ಬಗೆಯದು. ಅಲ್ಲಿ ಆರೈಕೆದಾರರ ಕೂಲಿ ಉದ್ಯೋಗ ಖಾತರಿಯ ದಿನಗಳ ಮಿತಿಗೆ ಹೊಂದಿಕೊಂಡಿರುವುದರಿಂದ ಅವರು ಸರದಿಯ ಮೇಲೆ ಬದಲಾಗುತ್ತಾರೆ. ತರಬೇತಿ ಪಡೆದವರ ಪಟ್ಟಿಯಲ್ಲಿ ಊರಿನ ಪ್ರತಿ ಭಾಷೆಯವರೂ ಇದ್ದು, ಯಾವ ಸರದಿಯಲ್ಲೂ ಮಕ್ಕಳ ಮಾತು ಬಲ್ಲವರು ಒಬ್ಬರಾದರೂ ಇರುವಂತೆ ವರ್ಷದ ಆರಂಭದಲ್ಲೇ ಸರದಿ ಬರೆಯಬೇಕು. ಸರದಿ ಬದಲಾಗುವಾಗ ಹಳಬರು ಮತ್ತು ಹೊಸಬರು ಕೆಲವು ದಿನ ಒಟ್ಟಿಗೆ ಇರುವ ವ್ಯವಸ್ಥೆ ಮಾಡಿದರೆ ಕೂಸುಗಳಿಗೆ ಒಮ್ಮೆಲೇ ಅಪರಿಚಿತ ಮುಖ ಎದುರಾಗುವುದಿಲ್ಲ.

ವರ್ಷದ ಕೊನೆಯಲ್ಲಿ ಹಂತ 1ರ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಪಟ್ಟಿ ಬರೆಯಬೇಕು: ಆ ಭಾಗದ ಸಹಾಯಕಿಯರು, ಕಾರ್ಯಕರ್ತೆಯರು, ಮೇಲ್ವಿಚಾರಕಿಯರು, ತರಬೇತುದಾರರು ಯಾವ ಯಾವ ಮಾತು ಬಲ್ಲರು ಎಂಬುದು. ಮಕ್ಕಳ ಮಾತುಗಳು ಸಹಾಯಕಿಯರ ಸಾಲಿನಲ್ಲಿ ಮಾತ್ರ ಕಂಡು ಮೇಲಿನ ಸಾಲುಗಳು ಖಾಲಿಯಿದ್ದರೆ, ಮುಂದಿನ ವರ್ಷದ ಹಣವನ್ನು ಹೊಸ ನೇಮಕಕ್ಕೆ ಹಾಕುವ ಮೊದಲು ಈಗಿರುವ ಸಹಾಯಕಿಯರ ಪಿಯುಸಿ ಪರೀಕ್ಷೆಗೆ ಹಾಕಬೇಕು.